ಅಲಕ್ತಕವೂ ಮದರಂಗಿಯೂ

ಸಂಸ್ಕೃತದ ಕಾವ್ಯನಾಟಕಗಳಲ್ಲಿ ಸ್ತ್ರೀಯರ ಪ್ರಸಾಧನವು ವರ್ಣಿತವಾಗಿರುವ ಸ್ಥಳಗಳು ಬಹಳವಾಗಿರುವುವು. ಅವುಗಳಲ್ಲಿ ಅಲಕ್ತಕ, ಲಾಕ್ಷಾರಸ, ಯಾವಕ ಎಂಬ ಮಾತುಗಳು ಪದೇ ಪದೇ ಬರುವುವು. ಈ ಮಾತುಗಳನ್ನು ಕನ್ನಡಕ್ಕೆ ತರುವಾಗ ‘ಮದರಂಗಿ’ ಎಂದೋ ‘ಗೋರಂಟಿ’ ಎಂದೋ ಬರೆಯುವ ಪದ್ಧತಿಯು ಪಾಠಶಾಲೆಗಳ ಟಿಪ್ಪಣಿಗಳಲ್ಲಿಯೂ ಕೆಲವು ಗದ್ಯಾನುವಾದಗಳಲ್ಲಿಯೂ ಕಂಡುಬರುತ್ತದೆ. ಪರಿಚಿತವಾದ ವಸ್ತುವಿನ ಮೂಲಕ ಅಪರಿಚಿತವಾದುದನ್ನು ತಿಳಿಯಪಡಿಸಬೇಕೆಂಬ ಸದುದ್ದೇಶವೇ ಇದಕ್ಕೆ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಎರಡೂ ಕೆಂಪು, ಎರಡೂ ಮಂಗಳಕಾರ್ಯಗಳಲ್ಲಿ ಅಂಗಕ್ಕೆ ಹಚ್ಚತಕ್ಕವು, ಆದುದರಿಂದ ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟರೆ ಬಾಧಕವೇನೆಂದು ತೋರಬಹುದು. ಆದರೆ ಹೀಗೆ ಇಟ್ಟ ಕಡೆಗಳಲ್ಲೆಲ್ಲ ಕವಿಯ ಅಭಿಪ್ರಾಯವು ಕೆಡುವುದಲ್ಲದೆ, ಕೆಲವೆಡೆ ಶ್ಲೋಕವೇ ಅರ್ಥಶೂನ್ಯವಾಗುವುದು. ಮತ್ತೊಂದು ಕಡೆ, ಈ ತಪ್ಪನ್ನು ಕಂಡುಕೊಂಡವರಲ್ಲಿ ಕೆಲವರು, ಮದರಂಗಿಯು ಕಾವ್ಯಗಳಲ್ಲಿಲ್ಲ, ಗೃಹ್ಯಸೂತ್ರಗಳಲ್ಲಿಲ್ಲ, ಆದುದರಿಂದ ಅದು ವಿವಾಹಮಂಟಪಕ್ಕೆ ಸಲ್ಲದ ವಸ್ತುವೆಂದು ಇನ್ನೊಂದು ತುದಿಗೆ ಹೋಗುವುದೂ ಉಂಟು. ಈ ಎರಡು ಪಕ್ಷಗಳೂ ಪರೀಕ್ಷೆಗೆ ನಿಲ್ಲುವುವೇ ಎಂಬುದನ್ನು ವಿಚಾರಿಸಿ, ಅನಂತರ ಮದರಂಗಿಯ ರಚನೆಯನ್ನು ಒಂದು ಚಿತ್ರವೆಂದೇ ಎಣಿಸಿ ಅದರ ಗುಣದೋಷಗಳನ್ನು ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

೧. ದ್ರವ್ಯಭೇದ

ಮೊದಲು ದ್ರವ್ಯಗಳ ಸ್ವರೂಪವನ್ನು ನೋಡಬೇಕು. ಅಲಕ್ತಕವೆಂಬುದು ಅರಗಿನಿಂದ ತೆಗೆದ ಕೆಂಪುನೀರು. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಗೊಂಬೆಗಳ ಮೇಲೆ ಒಂದು ಬಗೆಯ ಸಣ್ಣ ಕೀಟಗಳು ಗುಂಪುಗುಂಪಾಗಿ ನೆಲಸಿ, ಮರದ ರಸವನ್ನು ಹೀರಿ, ತಮ್ಮ ಮೈಯ ಸುತ್ತ ಅಂಟನ್ನು ಸ್ರವಿಸುವುವು. ಕೊಂಬೆಯ ಮೇಲೆ ಹೆಪ್ಪುಗಟ್ಟಿದ ಆ ಅಂಟೇ ಅರಗು. ಅದನ್ನು ಕುಟ್ಟಿ ನೀರಿನಲ್ಲಿ ತೊಳೆದರೆ ಬಣ್ಣವು ನೀರಿಗಿಳಿಯುವುದು. ಅಮರಸಿಂಹನು ಮನುಷ್ಯವರ್ಗದಲ್ಲಿ ಲಾಕ್ಷಾ, ಜತು, ಯಾವ ಮುಂತಾದ ಪರ್ಯಾಯಗಳೊಡನೆ ‘ದ್ರುಮಾಮಯ’ ಎಂಬುದನ್ನೂ ಹೇಳಿರುವನು. ಮರಕ್ಕೆ ಬಂದ ರೋಗವೆಂದು ಇದರ ಅರ್ಥ. ಅರಗು ಮರದ ಸಹಜವಾದ ಫಲವಲ್ಲ, ಹೊರಗಿನಿಂದ ಅದಕ್ಕೆ ಅಂಟಿದ ಉಪದ್ರವ ಎಂಬ ಸೂಕ್ಷ್ಮವಾದ ಲೋಕಜ್ಞಾನವು ಈ ಒಂದು ಪದದಲ್ಲಿ ಅಡಗಿದೆ.

ಮದರಂಗಿಯಾದರೋ ಗಿಡದ ಎಲೆ. ಲಿನ್ನೇಯಸನು ೧೭೫೩ರಲ್ಲಿ ಇದಕ್ಕೆ ಲಾಸೋನಿಯಾ ಇನರ್ಮಿಸ್ ಎಂದು ಶಾಸ್ತ್ರೀಯವಾದ ಹೆಸರನ್ನಿತ್ತನು. ಹಸಿಯೆಲೆಯನ್ನು ಒರಳಿನಲ್ಲಿ ಹುಣಸೆಯ ಹುಳಿಯನ್ನೋ ನಿಂಬೆಯ ರಸವನ್ನೋ ಸೇರಿಸಿ ನುಣ್ಣಗೆ ಅರೆದರೆ ದೊರೆಯುವುದು ಹಸುರಾದ ಮುದ್ದೆ. ಕೈಗೆ ಹಚ್ಚಿದೊಡನೆ ಕೆಂಪೆಂಬುದೇ ಕಾಣದು. ರಾತ್ರಿ ಹಚ್ಚಿ ಬೆಳಗ್ಗೆ ಉದುರಿಸಿದರೆ ಮೊದಲು ಕಿತ್ತಿಳೆಯ ಬಣ್ಣ. ಒಂದೆರಡು ದಿನಗಳಲ್ಲಿ ಅದು ಗಾಳಿಯ ಸಂಪರ್ಕದಿಂದ ಕಡುಗೆಂಪಾಗುವುದು. ಎಲೆಯೊಳಗಿನ ರಂಗು ಚರ್ಮದ ಮೇಲ್ಪದರದೊಡನೆ ಕೂಡಿಕೊಳ್ಳುವುದರಿಂದ ನೀರಿನಿಂದ ತೊಳೆದರೂ ಹೋಗದು. ಆ ಪದರವೇ ಸವೆದು ಉದುರುವಾಗ, ಒಂದರಿಂದ ಮೂರು ವಾರಗಳಲ್ಲಿ, ತಾನೂ ಮಾಸುವುದು. ಅಂಗೈ ಅಂಗಾಲುಗಳ ಚರ್ಮವು ದಪ್ಪವಾದುದರಿಂದ ಅಲ್ಲಿಯೇ ಬಣ್ಣವು ಹೆಚ್ಚಾಗಿ ಏರುವುದು.

ಇದರಿಂದ ಭೇದವು ಸ್ಪಷ್ಟವಾಗುವುದು. ಅಲಕ್ತಕವು ದ್ರವ, ಮದರಂಗಿಯು ಕಲ್ಕ. ಅಲಕ್ತಕವು ಹಚ್ಚಿದ ಕ್ಷಣದಲ್ಲಿಯೇ ಕೆಂಪು, ಮದರಂಗಿಯು ಕಾಲಾಂತರದಲ್ಲಿ ಕೆಂಪು. ಅಲಕ್ತಕವು ಒದ್ದೆಯಾಗಿರುವಾಗ ಮುಟ್ಟಿದುದಕ್ಕೆಲ್ಲ ಅಂಟುವುದು. ಮದರಂಗಿಯ ಬಣ್ಣವು ಏರಿದ ಮೇಲೆ ಯಾವುದಕ್ಕೂ ಅಂಟದು. ಈ ಮೂರು ಲಕ್ಷಣಗಳನ್ನು ಕೈಯಲ್ಲಿ ಹಿಡಿದು ಕವಿಗಳ ಮಾತನ್ನು ಪರೀಕ್ಷಿಸಬಹುದು.

೨. ಕಾವ್ಯಪರೀಕ್ಷೆ

ರಘುವಂಶದ ಏಳನೆಯ ಸರ್ಗದಲ್ಲಿ ಇಂದುಮತಿಯನ್ನು ವರಿಸಿದ ಅಜನು ರಾಜಬೀದಿಯಲ್ಲಿ ಬರುತ್ತಿರಲು ಪುರಸ್ತ್ರೀಯರು ಕೈಗೆಲಸಗಳನ್ನು ಬಿಟ್ಟು ಕಿಟಕಿಗಳಿಗೆ ಧಾವಿಸುವರು. ಅವರಲ್ಲಿ ಒಬ್ಬಳ ಕಾಲನ್ನು ಪ್ರಸಾಧಿಕೆಯು ಹಿಡಿದು ಬಣ್ಣವನ್ನು ಹಚ್ಚುತ್ತಿರುವಳು. ಬಣ್ಣವು ಇನ್ನೂ ದ್ರವವಾಗಿರುವಾಗಲೇ ಆಕೆಯು ಕಾಲನ್ನು ಎಳೆದುಕೊಂಡು, ಲೀಲಾಗಮನವನ್ನು ಮರೆತು ಓಡಿ, ಗವಾಕ್ಷದವರೆಗಿನ ದಾರಿಯನ್ನೆಲ್ಲ ಅಲಕ್ತಕದ ಗುರುತುಗಳಿಂದ ತುಂಬುವಳು. ಕುಮಾರಸಂಭವದಲ್ಲಿ ಶಿವನ ಆಗಮನದ ಸಂದರ್ಭದಲ್ಲಿಯೂ ಕವಿಯು ಇದೇ ಶ್ಲೋಕವನ್ನು ಇರಿಸಿರುವನು. ಇಲ್ಲಿ ಪ್ರಾಣಭೂತವಾದ ಅಂಶವು ಆ ಕೆಂಪುಹೆಜ್ಜೆಗಳ ಸಾಲು. ಸ್ತ್ರೀಯು ಓಡಿದಳೆಂದು ಹೇಳಿ ಸುಮ್ಮನಾಗದೆ, ಓಡಿದ ದಾರಿಯನ್ನೇ ಕಣ್ಣಿಗೆ ಕಟ್ಟುವಂತೆ ಬರೆದಿರುವುದು ಶ್ಲೋಕದ ಚಮತ್ಕಾರ. ಇಲ್ಲಿ ಮದರಂಗಿಯೆಂದು ಅರ್ಥಮಾಡಿದರೆ, ನೆಲದ ಮೇಲೆ ಹಸುರುಮುದ್ದೆಯ ಉಂಡೆಗಳು ಅಲ್ಲಲ್ಲಿ ಬಿದ್ದುವೆಂದಾಗುವುದೇ ಹೊರತು ಕೆಂಪುಹೆಜ್ಜೆಗಳು ಮೂಡಲಾರವು. ರಸಕ್ಕೆ ಬದಲಾಗಿ ಹಾಸ್ಯವು ಪ್ರಾಪ್ತವಾಗುವುದು.

ಮಾಳವಿಕಾಗ್ನಿಮಿತ್ರದ ಮೂರನೆಯ ಅಂಕದಲ್ಲಿ ಅಶೋಕವೃಕ್ಷದ ದೋಹದಕ್ಕಾಗಿ ಬಕುಲಾವಳಿಕೆಯು ಮಾಳವಿಕೆಯ ಪಾದವನ್ನು ಅಲಂಕರಿಸುವಳು. ಮರೆಯಲ್ಲಿ ನಿಂತು ನೋಡುವ ರಾಜನು, ಒದ್ದೆಯಾದ ಅಲಕ್ತಕವುಳ್ಳ ಆ ಪಾದವನ್ನು ಬಾಯಿಯ ಗಾಳಿಯಿಂದ ಬೀಸಿ ಆರಿಸುವ ಸೇವೆಗೆ ತನಗೆ ಅವಕಾಶವು ಒದಗಿತೆಂದು ಭಾವಿಸುವನು. ಊದಿ ಆರಿಸಬಹುದಾದುದು ತೆಳುವಾದ ದ್ರವ. ಒಂದು ರಾತ್ರಿಯೆಲ್ಲ ಕಾದಿರಬೇಕಾದ ಮುದ್ದೆಯನ್ನು ಊದಿ ಆರಿಸುವುದೆಂತು? ರಾಜನ ಮನೋರಥವು ಕ್ಷಣಿಕವಾದ ಸೇವೆಯ ಮನೋರಥ. ಅದರ ಮಾಧುರ್ಯವು ಆ ಕ್ಷಣಿಕತೆಯಲ್ಲಿಯೇ ಇರುವುದು.

ಮೇಘದೂತದಲ್ಲಿ ಉಜ್ಜಯಿನಿಯ ಮಾಳಿಗೆಗಳು ಲಲನೆಯರ ಪಾದರಾಗದಿಂದ ಅಂಕಿತವಾಗಿರುವುವು. ಅಲಕೆಯಲ್ಲಿ ಕಲ್ಪವೃಕ್ಷವು ಸ್ತ್ರೀಯರ ಇತರ ಮಂಡನಗಳೊಡನೆ ಪಾದಕ್ಕೆ ತಕ್ಕ ಲಾಕ್ಷಾರಾಗವನ್ನೂ ತಾನೇ ಕೊಡುವುದು. ಶಾಕುಂತಲದ ನಾಲ್ಕನೆಯ ಅಂಕದಲ್ಲಿ ಪತಿಗೃಹಕ್ಕೆ ಹೊರಟ ಶಕುಂತಲೆಗೆ ತಪೋವನದ ಒಂದು ಮರವು ದುಕೂಲವನ್ನು ಕೊಟ್ಟರೆ ಮತ್ತೊಂದು ಲಾಕ್ಷಾರಸವನ್ನು ಉಗುಳಿಕೊಟ್ಟಿತೆಂದು ಹೇಳಿದೆ. ಅರಗು ಮರದ ಕೊಂಬೆಯಿಂದ ಒಸರಿದಂತೆಯೇ ಕಾಣುವ ವಸ್ತುವಾದುದರಿಂದ ಈ ಕಲ್ಪನೆಯು ಅದ್ಭುತವಾಗಿದ್ದರೂ ಅಸಂಗತವಲ್ಲ. ಪ್ರಕೃತಿಯಲ್ಲಿ ನಡೆಯುವುದನ್ನೇ ಕವಿಯು ಒಂದು ಹೆಜ್ಜೆ ಮುಂದಕ್ಕೆ ಒಯ್ದಿರುವನು. ಎಲೆಯನ್ನು ಅರೆಯಬೇಕಾದ ಮದರಂಗಿಯಲ್ಲಿ ಈ ಸ್ವಾರಸ್ಯಕ್ಕೆ ಎಡೆಯಿಲ್ಲ.

ಖಂಡಿತಾನಾಯಿಕೆಯ ಪ್ರಕರಣಗಳಲ್ಲಂತೂ ಈ ಭೇದವು ಕಥೆಯ ಆಧಾರವೇ ಆಗಿರುವುದು. ಅಮರುಶತಕದಲ್ಲಿ ರಾತ್ರಿಯನ್ನು ಬೇರೆಡೆ ಕಳೆದು ಬಂದ ನಾಯಕನ ಹಣೆಯ ಮೇಲೆ ಲಾಕ್ಷೆಯ ಗುರುತು, ಗೀತಗೋವಿಂದದ ಎಂಟನೆಯ ಸರ್ಗದಲ್ಲಿ ಕೃಷ್ಣನ ಎದೆಯ ಮೇಲೆ ಅನ್ಯಳ ಪಾದದಿಂದ ಜಾರಿದ ಅಲಕ್ತಕ, ಇವು ಅಪರಾಧದ ಸಾಕ್ಷಿಗಳು. ಅಂಟುವ ಬಣ್ಣವಲ್ಲದಿದ್ದರೆ ಸಾಕ್ಷಿಯೇ ಇಲ್ಲ. ಸಾಕ್ಷಿಯಿಲ್ಲದಿದ್ದರೆ ಮಾನವೂ ಇಲ್ಲ, ಅನುನಯವೂ ಇಲ್ಲ. ಕಾಮಸೂತ್ರದ ನಾಗರಕನು ಬೆಳಗಿನ ಪ್ರಸಾಧನದಲ್ಲಿ ಮೇಣವನ್ನೂ ಅಲಕ್ತಕವನ್ನೂ ಬಳಸಿ ಕನ್ನಡಿಯಲ್ಲಿ ಮುಖವನ್ನು ನೋಡಿಕೊಳ್ಳುವನೆಂಬುದನ್ನೂ ಇಲ್ಲಿ ಸ್ಮರಿಸಬಹುದು. ತುಟಿಗೆ ಹಚ್ಚಿ ಆಗಲೇ ಕನ್ನಡಿ ನೋಡುವಂತಹ ಬಣ್ಣವು ಮದರಂಗಿಯಾಗಲಾರದು.

೩. ತಾಮ್ರಾಂಗುಲಿ

ಇಲ್ಲಿ ಒಂದು ಆಕ್ಷೇಪವು ಬರಬಹುದು. ಮೇಲೆ ಹೇಳಿದ ಸ್ಥಳಗಳೆಲ್ಲ ಪಾದಕ್ಕೆ ಸಂಬಂಧಿಸಿದುವು. ಕೈಯ ವಿಷಯವೇನು? ಕುಮಾರಸಂಭವದ ಏಳನೆಯ ಸರ್ಗದಲ್ಲಿಯೇ ಪಾಣಿಗ್ರಹಣಸಮಯದಲ್ಲಿ ಹಿಮವಂತನು ನೀಡಿದ ಪಾರ್ವತಿಯ ಕೈಗೆ ‘ತಾಮ್ರಾಂಗುಲಿ’ ಎಂಬ ವಿಶೇಷಣವಿದೆ. ಮದುವಣಗಿತ್ತಿಯ ಕೆಂಪಾದ ಬೆರಳುಗಳೆಂದರೆ ಮದರಂಗಿಯನ್ನು ಇಟ್ಟುಕೊಂಡ ಬೆರಳುಗಳಲ್ಲದೆ ಮತ್ತೇನು? ಈ ಪೂರ್ವಪಕ್ಷವು ಸುಲಭವಾಗಿ ತಳ್ಳಿಬಿಡತಕ್ಕುದಲ್ಲ. ವಿವಾಹ, ವಧು, ಕೈ, ಕೆಂಪು ಎಂಬ ನಾಲ್ಕೂ ಇಲ್ಲಿ ಒಟ್ಟಿಗೆ ಸೇರಿರುವುವು.

ಆದರೆ ಶ್ಲೋಕದ ಉತ್ತರಾರ್ಧವನ್ನು ನೋಡಬೇಕು. ಶಿವನ ಭಯದಿಂದ ಉಮೆಯ ಶರೀರದಲ್ಲಿ ಅಡಗಿಕೊಂಡಿದ್ದ ಮನ್ಮಥನು ಮತ್ತೆ ತಲೆಯೆತ್ತುವ ಮೊದಲ ಮೊಳಕೆಯೋ ಎಂಬಂತೆ ಆ ಕೈಯು ಇದ್ದಿತೆಂದು ಕವಿಯ ಉತ್ಪ್ರೇಕ್ಷೆ. ಸುಟ್ಟುಹೋದ ಗಿಡದ ಬೇರಿನಿಂದ ಎಳೆಗೆಂಪಾದ ಚಿಗುರು ಹೊರಡುವುದುಂಟು, ಕಾಮನೂ ಸುಟ್ಟವನೇ. ಆದುದರಿಂದ ಬೆರಳುಗಳ ಕೆಂಪು ಚಿಗುರಿನ ಕೆಂಪು. ಒಳಗಿನಿಂದ ಹೊಮ್ಮಿದುದು, ಮೇಲಿನಿಂದ ಹಚ್ಚಿದುದಲ್ಲ. ಅದು ಲೇಪದ ಬಣ್ಣವೆಂದು ಎಣಿಸಿದೊಡನೆ ಉತ್ಪ್ರೇಕ್ಷೆಗೆ ಮೂಲವೇ ಕಡಿದಂತಾಗುವುದು. ಪಾಣಿಪಲ್ಲವ, ಕರಕಿಸಲಯ ಎಂಬ ಪ್ರಯೋಗಗಳಿಂದ ತುಂಬಿರುವ ಕಾವ್ಯಸಂಪ್ರದಾಯದಲ್ಲಿ ಕೈಯ ಕೆಂಪು ಸಹಜವೆಂದೂ ಪಾದದ ಕೆಂಪನ್ನು ಅಲಕ್ತಕವು ಹೆಚ್ಚಿಸುವುದೆಂದೂ ಒಂದು ವ್ಯವಸ್ಥೆಯೇ ಇರುವಂತೆ ತೋರುವುದು.

ಮತ್ತೊಂದು ಪ್ರಮಾಣವೂ ಅದೇ ಸರ್ಗದಲ್ಲಿರುವುದು. ಪಾರ್ವತಿಯ ಪ್ರಸಾಧನವನ್ನು ಕಾಳಿದಾಸನು ಕ್ರಮವಾಗಿ ಹೇಳಿರುವನು: ಲೋಧ್ರದ ಪುಡಿಯಿಂದ ಎಣ್ಣೆಯ ಜಿಡ್ಡನ್ನು ತೆಗೆದರು, ಬಿಳಿಯ ಅಗುರುವನ್ನು ಹಚ್ಚಿ ಗೋರೋಚನದಿಂದ ಪತ್ರರಚನೆಯನ್ನು ಬರೆದರು, ಸಖಿಯು ಪಾದಗಳಿಗೆ ಬಣ್ಣವನ್ನಿಟ್ಟು, ಈ ಪಾದದಿಂದ ಪತಿಯ ತಲೆಯ ಮೇಲಿನ ಚಂದ್ರಕಲೆಯನ್ನು ಮುಟ್ಟೆಂದು ಪರಿಹಾಸಮಾಡಿದಳು, ಕಣ್ಣಿಗೆ ಕಾಡಿಗೆ, ಹರಿತಾಳ ಮನಶ್ಶಿಲೆಗಳಿಂದ ತಾಯಿಯು ಇಟ್ಟ ತಿಲಕ. ಹೀಗೆ ಅಡಿಯಿಂದ ಮುಡಿಯವರೆಗೆ ಹೇಳಿದ ಕವಿಯು ಕೈಗೆ ಕೊಟ್ಟಿರುವ ಮುಖ್ಯವಾದ ಮಂಗಳವಸ್ತುವು ಉಣ್ಣೆಯ ಕೌತುಕಸೂತ್ರ. ಕಣ್ಣೀರಿನಿಂದ ದೃಷ್ಟಿ ಮಸುಕಾದ ಮೇನೆಯು ಅದನ್ನು ತಪ್ಪಾದ ಸ್ಥಳದಲ್ಲಿ ಕಟ್ಟಲು, ದಾದಿಯು ಬೆರಳಿನಿಂದ ಸರಿಪಡಿಸಿದಳಂತೆ. ಇಷ್ಟು ಸೂಕ್ಷ್ಮವಾಗಿ ಆ ಕೈಯನ್ನು ನೋಡಿದವನು ಅದರಲ್ಲಿ ಬಣ್ಣದ ರಚನೆಯಿದ್ದರೆ ಹೇಳದೆ ಬಿಡುತ್ತಿರಲಿಲ್ಲ. ಬಣ್ಣದಿಂದ ರೇಖೆಗಳನ್ನು ಎಳೆಯುವ ಕಲೆಯು ಆ ಕಾಲದಲ್ಲಿ ಇರಲಿಲ್ಲವೆಂದಲ್ಲ. ಪತ್ರಭಂಗ, ಪತ್ರಲೇಖೆ ಎಂಬ ಹೆಸರಿನಿಂದ ಅದು ಕೆನ್ನೆ, ಸ್ತನ ಮೊದಲಾದ ಅಂಗಗಳಲ್ಲಿ ಪ್ರಸಿದ್ಧವಾಗಿದ್ದಿತು. ಬಾಣನು ಕಾದಂಬರಿಯಲ್ಲಿ ಚಂದ್ರಾಪೀಡನ ತಾಂಬೂಲಕರಂಕವಾಹಿನಿಗೆ ಪತ್ರಲೇಖೆಯೆಂದೇ ಹೆಸರಿಟ್ಟಿರುವನು. ಕೈಯ ಮೇಲಿನ ಇಂದಿನ ರಚನೆಗೆ ಪೂರ್ವಜರನ್ನು ಹುಡುಕುವುದಾದರೆ ಈ ಪತ್ರಲೇಖೆಯಲ್ಲಿ ಹುಡುಕಬೇಕು, ಅಲಕ್ತಕದಲ್ಲಿ ಅಲ್ಲ.

೪. ಕೋಶಗಳೂ ಗಿಡದ ಹೆಸರುಗಳೂ

ಮದರಂಗಿಗೆ ಸಂಸ್ಕೃತದಲ್ಲಿ ಹೆಸರೇ ಇಲ್ಲವೆಂದು ಹೇಳುವಂತಿಲ್ಲ. ‘ಮೇಂಧಿಕಾ’ ಎಂಬ ಪದವು ಕೋಶಗಳಲ್ಲಿ ದೊರೆಯುವುದು. ಆದರೆ ಅದು ಅಮರಕೋಶದ ಮಾತಲ್ಲ, ದೇಶಭಾಷೆಯ ಮಾತನ್ನು ಈಚಿನವರು ಸಂಸ್ಕರಿಸಿಕೊಂಡಂತೆ ತೋರುವುದು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮದಯಂತಿಕೆಯ ಎಲೆಯು ರಾಜಯೋಗ್ಯವಾದ ಒಂದು ಅಂಗರಾಗದ ದ್ರವ್ಯಗಳಲ್ಲಿ ಸೇರಿದೆ. ಈ ಮದಯಂತಿಕೆಯನ್ನು ಕೆಲವರು ಮಲ್ಲಿಗೆಯ ಭೇದವೆಂದೂ ಕೆಲವರು ಮದರಂಗಿಯೆಂದೂ ಅರ್ಥಮಾಡಿರುವರು. ಎರಡನೆಯ ಅರ್ಥವನ್ನೇ ಒಪ್ಪಿದರೂ ಅದರಿಂದ ಸಿದ್ಧವಾಗುವುದು ಆ ಎಲೆಯು ವೈದ್ಯರಿಗೆ ತಿಳಿದಿದ್ದಿತೆಂಬುದು ಮಾತ್ರ. ಅಂಗೈಯಲ್ಲಿ ಚಿತ್ರವನ್ನು ಬರೆಯುವ ಸಂಪ್ರದಾಯವಲ್ಲ. ಪುಣೆಯ ಭಂಡಾರಕರ ಪ್ರಾಚ್ಯವಿದ್ಯಾಸಂಶೋಧನಮಂದಿರದ ಪರಶುರಾಮ ಕೃಷ್ಣ ಗೋಡೆಯವರು (೧೮೯೧–೧೯೬೧) ಈ ಗಿಡದ ಇತಿಹಾಸವನ್ನು ಕುರಿತು ಬರೆದಿರುವ ಪ್ರಬಂಧವು ಜಿಜ್ಞಾಸುಗಳು ಅವಶ್ಯವಾಗಿ ನೋಡತಕ್ಕುದು. ಭಾರತದ ಹೊರಗೆ, ಪ್ರಾಚೀನ ಐಗುಪ್ತದಲ್ಲಿ ಈ ಎಲೆಯ ಬಳಕೆಯಿದ್ದಿತು. ಹೀಬ್ರೂ ಬೈಬಲಿನ ಪರಮಗೀತದಲ್ಲಿ ಇದರ ಹೂಗೊಂಚಲು ಪ್ರಿಯನಿಗೆ ಉಪಮಾನವಾಗಿ ಬಂದಿದೆ. ಅಲ್ಲಿ ಕವಿಯ ಮನಸ್ಸನ್ನು ಸೆಳೆದುದು ಎಲೆಯ ಬಣ್ಣವಲ್ಲ, ಹೂವಿನ ಪರಿಮಳವೆಂಬುದು ಗಮನಿಸತಕ್ಕ ಸಂಗತಿ.

ಕನ್ನಡದಲ್ಲಿ ಇನ್ನೊಂದು ತೊಡಕೂ ಉಂಟು. ಗೋರಂಟಿ, ಗೋರಂಟೆ ಎಂಬ ಹೆಸರು ಮದರಂಗಿಗೆ ಸಲ್ಲುವಂತೆಯೇ ಕುರವಕ ಕುರಂಟಕಗಳೆಂಬ ಬೇರೆ ಹೂಗಿಡಗಳಿಗೂ ಸಲ್ಲುವುದು. ಅಮರನು ಕೆಂಪುಹೂವಿನದಕ್ಕೆ ಕುರಬಕವೆಂದೂ ಹಳದಿಹೂವಿನದಕ್ಕೆ ಕುರಂಟಕವೆಂದೂ ವಿಭಾಗಿಸಿರುವನು. ಮುಳ್ಳುಗೋರಂಟೆಯೆಂದು ಹಳ್ಳಿಗಳಲ್ಲಿ ಕರೆಯುವುದು ಈ ಜಾತಿಗೆ ಸೇರಿದುದು. ಮೇಘದೂತದಲ್ಲಿ ಅಲಕೆಯ ಸ್ತ್ರೀಯರು ಮುಡಿಯಲ್ಲಿ ಧರಿಸುವ ಹೊಸ ಕುರವಕವನ್ನು ಅಧ್ಯಾಪಕನು ‘ಗೋರಂಟಿಯ ಹೂ’ ಎಂದು ಹೇಳಿ ಮುಂದುವರಿದರೆ, ವಿದ್ಯಾರ್ಥಿಯು ಅದನ್ನು ಕೈಗೆ ಹಚ್ಚುವ ಗೋರಂಟಿಯೆಂದೇ ತಿಳಿಯುವನು. ಮದರಂಗಿಯ ಹೂವು ಸಣ್ಣದು, ಬಿಳಿಹಳದಿ, ಗೊಂಚಲಾಗಿ ಬಿಡುವುದು. ಕುರವಕಕ್ಕೂ ಅದಕ್ಕೂ ಸಾಮ್ಯವಿಲ್ಲ. ತೆಲುಗಿನಲ್ಲಿ ಗೋರು ಎಂದರೆ ಉಗುರಾದುದರಿಂದ ಗೋರಿಂಟವೆಂದರೆ ಉಗುರಿಗೆ ಅಂಟುವುದೆಂದು ಹೇಳುವ ಲೋಕನಿರುಕ್ತಿಯು ಈ ತೊಡಕನ್ನು ಮತ್ತಷ್ಟು ಬಲಪಡಿಸಿದೆ.

೫. ರಾಗತ್ರಯ

ಅಲಂಕಾರಶಾಸ್ತ್ರದಿಂದಲೂ ಒಂದು ಬೆಳಕು ದೊರೆಯುವುದು. ವಿಶ್ವನಾಥನು ಸಾಹಿತ್ಯದರ್ಪಣದ ಮೂರನೆಯ ಪರಿಚ್ಛೇದದಲ್ಲಿ ಪೂರ್ವರಾಗವನ್ನು ಬಣ್ಣಗಳ ಹೆಸರಿನಿಂದ ಮೂರು ಬಗೆಯಾಗಿ ವಿಭಾಗಿಸಿರುವನು. ನೀಲಿಯ ರಾಗವು ಹೊರಗೆ ಅಷ್ಟಾಗಿ ಶೋಭಿಸದು, ಆದರೆ ಹೋಗದು. ಕುಸುಂಭೆಯ ರಾಗವು ಶೋಭಿಸುವುದು, ಆದರೆ ಹೋಗುವುದು. ಮಂಜಿಷ್ಠೆಯ ರಾಗವು ಹೋಗುವುದೂ ಇಲ್ಲ, ಬಹಳವಾಗಿ ಶೋಭಿಸುವುದು. ಬಣ್ಣಗಾರರ ಕಸಬಿನ ಅನುಭವವೇ ಇಲ್ಲಿ ಶಾಸ್ತ್ರವಾಗಿ ಪರಿಣಮಿಸಿರುವುದು. ಮದರಂಗಿಯು ಈ ಮೂರರಲ್ಲಿ ಯಾವುದಕ್ಕೂ ಸೇರದು. ಮೊದಲು ಶೋಭಿಸದೆ, ಬಳಿಕ ದಿನದಿನಕ್ಕೆ ಏರಿ ಶೋಭಿಸಿ, ಕಡೆಗೆ ಮೆಲ್ಲಗೆ ಮಾಸುವುದು ಅದರ ಸ್ವಭಾವ. ಪ್ರೇಮದ ಗತಿಗೆ ಇದಕ್ಕಿಂತ ಒಪ್ಪುವ ಉಪಮಾನವು ಅಪೂರ್ವ. ಅಂಗೈಯ ಮದರಂಗಿಯು ಅಂದಿನ ನಾಗರಕರ ದೈನಂದಿನ ಅನುಭವದಲ್ಲಿದ್ದಿದ್ದರೆ ನಾಲ್ಕನೆಯ ರಾಗವೊಂದನ್ನು ಕಲ್ಪಿಸಲು ಆಲಂಕಾರಿಕರಿಗೆ ಕಷ್ಟವಿರಲಿಲ್ಲ. ಇವರು ಬಟ್ಟೆಯ ಬಣ್ಣಗಳನ್ನೇ ಆಯ್ದುಕೊಂಡಿರುವರೆಂಬ ಸಮಾಧಾನವೂ ಸಾಧ್ಯವಾದುದರಿಂದ ಈ ಅನುಪಲಬ್ಧಿಯನ್ನು ಸಿದ್ಧಾಂತವೆಂದು ಹೇಳಲಾಗದು. ಹಿಂದಿನ ಪ್ರಮಾಣಗಳಿಗೆ ಪೋಷಕವೆಂದು ಮಾತ್ರ ಹೇಳಬಹುದು.

೬. ದೇಶಾಚಾರ

ಹೀಗೆ ಮೊದಲನೆಯ ಪಕ್ಷವು ನಿರಾಕೃತವಾಯಿತು. ಇದರಿಂದ ಎರಡನೆಯ ಪಕ್ಷವು ಗೆದ್ದಿತೆಂದು ತಿಳಿಯಬಾರದು. ಕಾವ್ಯದಲ್ಲಿ ಹೇಳದಿದ್ದ ಮಾತ್ರಕ್ಕೆ ವಸ್ತುವು ನಿಷಿದ್ಧವಾಗುವುದಿಲ್ಲ. ವಿವಾಹವಿಷಯದಲ್ಲಿ ಸೂತ್ರಕಾರರೇ ಉದಾರರಾಗಿರುವರು. ಜನಪದಧರ್ಮಗಳೂ ಗ್ರಾಮಧರ್ಮಗಳೂ ನಾನಾವಿಧವಾಗಿರುವುವು, ವಿವಾಹದಲ್ಲಿ ಅವುಗಳನ್ನು ಅನುಸರಿಸಬೇಕೆಂದು ಆಶ್ವಲಾಯನನು ತನ್ನ ಗೃಹ್ಯಸೂತ್ರದಲ್ಲಿ ವಿಧಿಸಿರುವನು. ಆಪಸ್ತಂಬನು ಇನ್ನೂ ಮುಂದೆ ಹೋಗಿ, ಅಂತಹ ಆಚಾರಗಳನ್ನು ಸ್ತ್ರೀಯರಿಂದ ತಿಳಿಯಬೇಕೆಂದು ಹೇಳಿರುವನು. ಅರೆಯುವವರೂ ಹಚ್ಚುವವರೂ ಹಾಡುವವರೂ ಸ್ತ್ರೀಯರೇ ಆಗಿರುವ ಮದರಂಗಿಯ ಶಾಸ್ತ್ರಕ್ಕೆ ಇದಕ್ಕಿಂತ ನೇರವಾದ ಪ್ರಮಾಣವು ಬೇಕಾಗಿಲ್ಲ.

ಈ ಆಚಾರವು ಒಂದು ಮತದವರ ಸ್ವತ್ತೆಂಬ ಮಾತೂ ನಿಲ್ಲದು. ತುಳುನಾಡಿನಲ್ಲಿ ಮದುವೆಯ ಹಿಂದಿನ ದಿನದ ಮದರಂಗಿಯು ಬಂಟ, ಬಿಲ್ಲವ ಮೊದಲಾದ ಸಮಾಜಗಳಲ್ಲಿ ನೆಂಟರಿಷ್ಟರು ಕೂಡುವ ಸಂಭ್ರಮ. ಅದೇ ಕರಾವಳಿಯ ಬ್ಯಾರಿ ಮುಸಲ್ಮಾನರಲ್ಲಿ ಅದು ಮೈಲಾಂಜಿ. ಮಲಬಾರಿನ ಮಾಪ್ಪಿಳೆಯರಲ್ಲಿ ಮೈಲಾಂಜಿಯ ಹಾಡುಗಳೆಂದು ಒಂದು ಪ್ರಕಾರವೇ ಬೆಳೆದಿದೆ. ಆಂಧ್ರದಲ್ಲಿ ಆಷಾಢಮಾಸದ ಗೋರಿಂಟಾಕು ಹೆಣ್ಣುಮಕ್ಕಳಿಗೆ ತಪ್ಪದ ನೇಮ. ಬಡಗಣ ಕರ್ಣಾಟಕದಲ್ಲಿ ನಾಗರಪಂಚಮಿಯ ಜೋಕಾಲಿಯೊಡನೆ ಕೈಯ ಕೆಂಪೂ ಕೂಡಿರುವುದು. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತದಲ್ಲಿ ಇದು ದೊಡ್ಡ ಬೆಳೆಯಾಗಿದ್ದು, ಆ ಊರಿನ ಮೆಹಂದಿಗೆ ೨೦೨೧ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆಯಿತು. ಇಷ್ಟು ನಾಡುಗಳೂ ಇಷ್ಟು ಮತಗಳೂ ತಮ್ಮದೆಂದು ಹಿಡಿದುಕೊಂಡಿರುವ ಆಚಾರವನ್ನು ಹೊರಗಿನದೆಂದು ಕರೆಯುವವರು ಯಾವುದರ ಹೊರಗೆ ಎಂಬುದನ್ನು ಹೇಳಬೇಕಾಗುವುದು.

೭. ಚಿತ್ರವಿಮರ್ಶೆ

ಇನ್ನು ಚಿತ್ರವಿಚಾರ. ವಿಷ್ಣುಧರ್ಮೋತ್ತರದ ತೃತೀಯಖಂಡದಲ್ಲಿರುವ ಚಿತ್ರಸೂತ್ರವು, ಚಿತ್ರದಲ್ಲಿ ಆಚಾರ್ಯರು ರೇಖೆಯನ್ನು ಮೆಚ್ಚುವರು, ವಿಚಕ್ಷಣರು ವರ್ತನೆಯೆಂಬ ನೆಳಲುಬೆಳಕನ್ನು ಮೆಚ್ಚುವರು, ಸ್ತ್ರೀಯರು ಭೂಷಣವನ್ನು ಬಯಸುವರು, ಉಳಿದ ಜನರು ಬಣ್ಣದ ಸಮೃದ್ಧಿಯನ್ನು ಬಯಸುವರು ಎಂದು ರುಚಿಭೇದವನ್ನು ಹೇಳಿದೆ. ಮದರಂಗಿಯನ್ನು ಈ ಒರೆಗಲ್ಲಿಗೆ ಹಚ್ಚಿದರೆ ಒಂದು ವಿಚಿತ್ರವು ಕಾಣುವುದು. ಇಲ್ಲಿ ಬಣ್ಣವು ಒಂದೇ, ಸಮೃದ್ಧಿಗೆ ಅವಕಾಶವಿಲ್ಲ. ನೆಳಲುಬೆಳಕಿಗೂ ಹೆಚ್ಚು ಎಡೆಯಿಲ್ಲ. ಬರೆಯುವಾಗಿನ ಮುದ್ದೆಯ ಬಣ್ಣವು ಬೇರೆ, ಕಡೆಗೆ ನಿಲ್ಲುವ ಬಣ್ಣವು ಬೇರೆಯಾದುದರಿಂದ ಬರೆಯುವವಳು ತನ್ನ ಚಿತ್ರದ ನಿಜರೂಪವನ್ನು ಬರೆಯುವಾಗ ಕಾಣಲಾರಳು. ಎಳೆದ ಗೆರೆಯನ್ನು ಕೂಡಲೆ ಒರಸದಿದ್ದರೆ ಅದರ ಕಲೆಯು ನಿಂತುಬಿಡುವುದು. ಆದುದರಿಂದ ಈ ಕಲೆಯೆಲ್ಲವೂ ರೇಖೆಯ ಮೇಲೆಯೇ ನಿಂತಿದೆ. ಬರಿಯ ಭೂಷಣವೆಂದು ಎಣಿಸಲ್ಪಟ್ಟಿರುವ ಸ್ತ್ರೀಯರ ಈ ಚಿತ್ರವು ಆಚಾರ್ಯರು ಮೆಚ್ಚತಕ್ಕ ಗುಣವೊಂದನ್ನೇ ಆಶ್ರಯಿಸಿರುವುದು ಚಿತ್ರಸೂತ್ರದ ವಿಭಾಗಕ್ಕೆ ಒಂದು ಸವಿಯಾದ ಉತ್ತರದಂತಿದೆ.

ಕನ್ನಡನಾಡಿನ ಹಳೆಯ ರಚನೆಯು ಅತ್ಯಂತ ಸರಳವಾದುದು. ಅಂಗೈಯ ನಡುವೆ ಒಂದು ದುಂಡಾದ ಚಂದ್ರ, ಸುತ್ತಲೂ ಚುಕ್ಕಿಗಳು, ಬೆರಳುಗಳ ತುದಿಗೆ ಟೊಪ್ಪಿಗೆಯಿಟ್ಟಂತೆ ತುಂಬಿದ ಕೆಂಪು. ಹಸಿಯೆಲೆಯ ಮುದ್ದೆಯನ್ನು ಬೆರಳಿನಿಂದಲೋ ಕಡ್ಡಿಯಿಂದಲೋ ಇಡುತ್ತಿದ್ದುದರಿಂದ ಸೂಕ್ಷ್ಮರೇಖೆಯು ಸಾಧ್ಯವಿರಲಿಲ್ಲ. ಈ ಕೊರತೆಯೇ ಒಂದು ಗುಣವಾಗಿ ಪರಿಣಮಿಸಿತು. ಅಂಗೈಯು ತಗ್ಗಾದ ಬಟ್ಟಲು. ಅದರ ನಡುವೆ ಚಂದ್ರನನ್ನಿಟ್ಟರೆ ಕೈಯನ್ನು ಮಡಿಸಿದಾಗ ಮರೆಯಾಗುವನು, ಬಿಚ್ಚಿದಾಗ ಮೂಡುವನು. ಬೆರಳತುದಿಗಳು ಕೆಂಪಾದರೆ ಮೊಗ್ಗುಗಳಂತಿರುವುವು. ಚಿತ್ರವು ಕೈಯ ಆಕಾರವನ್ನು ಅನುಸರಿಸಿ, ಕೈಯನ್ನು ಕೈಯಾಗಿಯೇ ತೋರಿಸುವುದು. ಕಾವ್ಯದಲ್ಲಿ ಸ್ವಭಾವೋಕ್ತಿಗೆ ಯಾವ ಸ್ಥಾನವೋ ಇದಕ್ಕೂ ಆ ಸ್ಥಾನವೇ ಸಲ್ಲಬೇಕು.

ಒಣಗಿಸಿ ಜರಡಿ ಹಿಡಿದ ನುಣ್ಣನೆಯ ಪುಡಿಯೂ, ತುದಿಯಲ್ಲಿ ಸೂಜಿಯ ಮೊನೆಯಷ್ಟು ರಂಧ್ರವುಳ್ಳ ಕೋನೂ ಬಂದ ಮೇಲೆ ಎಳೆಯಂತಹ ರೇಖೆಗಳು ಸಾಧ್ಯವಾದುವು. ರಾಜಸ್ಥಾನದ ರೀತಿಯಲ್ಲಿ ಮಾವಿನಕಾಯಿ, ನವಿಲು, ಬಳ್ಳಿ, ಜಾಲರಿಗಳು ಮುಂಗೈಯಿಂದ ಮೊಣಕೈಯವರೆಗೂ ಎಡೆಬಿಡದೆ ವ್ಯಾಪಿಸುವುವು. ಅರಬ್ಬೀ ರೀತಿಯೆಂದು ಕರೆಯಲ್ಪಡುವುದರಲ್ಲಿ ಒಂದೇ ಬಳ್ಳಿಯು ಮಣಿಕಟ್ಟಿನಿಂದ ಹೊರಟು ಓರೆಯಾಗಿ ತೋರುಬೆರಳಿಗೆ ಏರುವುದು, ಉಳಿದುದೆಲ್ಲ ಬರಿದು. ಇವೆರಡರಲ್ಲಿ ಯಾವುದು ಮೇಲೆಂದು ಕೇಳುವುದು ಗೌಡೀ ವೈದರ್ಭೀ ರೀತಿಗಳಲ್ಲಿ ಯಾವುದು ಮೇಲೆಂದು ಕೇಳಿದಂತೆ. ಎರಡರಲ್ಲಿಯೂ ಉತ್ತಮವಾದುದೂ ಅಧಮವಾದುದೂ ಇರಬಹುದು. ವಿವೇಕಕ್ಕೆ ಕ್ಷೇಮೇಂದ್ರನ ಔಚಿತ್ಯವೇ ದಾರಿ. ಸೊಂಟದ ಪಟ್ಟಿಯನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟರೆ ಆಭರಣವೇ ನಗೆಗೀಡುಮಾಡುವುದೆಂದು ಆತನು ಹೇಳಿರುವನು. ತುಂಬಿದ ರಚನೆಯಲ್ಲಿಯೂ ಜಾಲರಿಯು ದಪ್ಪವಾದ ಮಣಿಕಟ್ಟಿನಲ್ಲಿ ನಿಂತು, ಬೆರಳುಗಳಿಗೆ ಬರುವಾಗ ತೆಳುವಾಗಿ, ಅಂಗೈಯ ರೇಖೆಗಳಿಗೆ ದಾರಿಬಿಟ್ಟು ಸಾಗಿದರೆ ಅದು ಉಚಿತ. ಗಿಣ್ಣುಗಳನ್ನೂ ಮಡಿಕೆಗಳನ್ನೂ ಲೆಕ್ಕಿಸದೆ, ಕಾಗದದ ಮೇಲೆ ಬರೆದುದನ್ನೇ ಕೈಗೆ ಅಂಟಿಸಿದಂತೆ ಹರಡಿದರೆ, ಕೈಯು ಚಿತ್ರಕ್ಕೆ ಹಲಗೆಯಾಗುವುದೇ ಹೊರತು ಚಿತ್ರವು ಕೈಗೆ ಅಲಂಕಾರವಾಗದು.

ಈಚೆಗೆ ವಧೂವರರ ಮುಖಗಳನ್ನೇ ಎರಡು ಅಂಗೈಗಳಲ್ಲಿ ಬರೆಯುವ ರೂಢಿಯು ಹಬ್ಬಿದೆ. ಬರೆಯುವವರ ಹಸ್ತಕೌಶಲವನ್ನು ಕಡಿಮೆಯೆಂದು ಹೇಳಲಾಗದು. ಆದರೆ ಮುಖದ ಸಾದೃಶ್ಯಕ್ಕೆ ನೆಳಲುಬೆಳಕು ಬೇಕು. ಈ ದ್ರವ್ಯವು ಅದನ್ನು ಕೊಡಲಾರದು. ಕೈಯನ್ನು ಮಡಿಸಿದೊಡನೆ ಮುಖವು ಮುರಿಯುವುದು. ಬಣ್ಣವು ಮಾಸುವಾಗ ಬಳ್ಳಿಯು ಮಾಸಿದಂತೆ ಮುಖವು ಸೊಗಸಾಗಿ ಮಾಸದು, ವಿಕಾರವಾಗುವುದು. ಪದ್ಮಬಂಧ ಚಕ್ರಬಂಧಗಳನ್ನು ರಚಿಸುವುದಕ್ಕೂ ಅಸಾಧಾರಣವಾದ ಶಕ್ತಿಯು ಬೇಕೆಂಬುದು ನಿಜ. ಮಮ್ಮಟನು ವ್ಯಂಗ್ಯವಿಲ್ಲದ ಚಿತ್ರವನ್ನು ಅವರವೆಂದು ಕೆಳಗಿಟ್ಟುದು ಶಕ್ತಿಯ ಕೊರತೆಗಾಗಿ ಅಲ್ಲ. ಇದಕ್ಕೆ ಪ್ರತಿಯಾಗಿ ರಚನೆಯ ಬಳ್ಳಿಗಳ ನಡುವೆ ವರನ ಹೆಸರನ್ನು ಅಡಗಿಸಿಟ್ಟು ಅವನಿಂದ ಹುಡುಕಿಸುವ ವಿನೋದವು ರಸವತ್ತಾದುದು. ಅಲ್ಲಿ ಅಕ್ಷರವು ಗೂಢವಾಗಿದ್ದು, ಅದನ್ನು ಕಾಣಬೇಕಾದರೆ ವರನು ವಧುವಿನ ಕೈಯನ್ನು ಹಿಡಿದು ಬಹಳ ಹೊತ್ತು ನೋಡಬೇಕಾಗುವುದು. ಅಕ್ಷರವು ನೆವ, ಪಾಣಿಗ್ರಹಣವೇ ವ್ಯಂಗ್ಯ.

ಕಾಯುವ ತಾಳ್ಮೆಯಿಲ್ಲದೆ, ಕೂದಲಿಗೆ ಹಾಕುವ ಕೃತಕವಾದ ಕಪ್ಪುಬಣ್ಣದ ರಾಸಾಯನಿಕವನ್ನು ಬೆರಸಿ ‘ಕಪ್ಪು ಮೆಹಂದಿ’ಯೆಂದು ಹಚ್ಚುವುದು ಮಾತ್ರ ವಿಮರ್ಶೆಗೂ ಯೋಗ್ಯವಲ್ಲ. ಅದರಿಂದ ಚರ್ಮದ ಮೇಲೆ ಬೊಬ್ಬೆಗಳೇಳುವುದುಂಟು. ಕಾಲಕ್ರಮದಿಂದ ಕೆಂಪೇರುವುದೇ ಈ ಎಲೆಯ ಜೀವವಾಗಿರುವಾಗ, ಆ ಕಾಲವನ್ನು ತೆಗೆದುಬಿಟ್ಟರೆ ಉಳಿಯುವುದೇನು? ಮದುವಣಗಿತ್ತಿಯು ಎರಡು ಕೈಗಳನ್ನೂ ಚಾಚಿ, ತಾನೇ ಒಂದು ತುತ್ತನ್ನೂ ತಿನ್ನಲಾರದೆ, ಅಕ್ಕತಂಗಿಯರಿಂದ ಉಣಿಸಿಕೊಳ್ಳುತ್ತ ಕುಳಿತಿರುವ ಆ ಕೆಲವು ಗಂಟೆಗಳು ತೌರಿನಲ್ಲಿ ಅವಳು ಕಳೆಯುವ ಕಡೆಯ ಬಿಡುವು. ಚಿತ್ರದ ಅರ್ಧವು ಆ ಕಾಯುವಿಕೆಯಲ್ಲಿರುವುದು.

೮. ಉಪಸಂಹಾರ

ಮದರಂಗಿಯು ಕಡುಗೆಂಪಾಗಿ ಏರಿದರೆ ಗಂಡನಿಗೋ ಅತ್ತೆಗೋ ಪ್ರೀತಿಯು ಹೆಚ್ಚೆಂಬ ನಂಬಿಕೆಯು ಎಲ್ಲ ಕಡೆಯೂ ಉಂಟು. ಎಲೆಯ ಜಾತಿ, ಅರೆದ ನುಣುಪು, ಹುಳಿ, ಮೈಯ ಬಿಸಿ, ಇಟ್ಟುಕೊಂಡ ಹೊತ್ತು ಇವುಗಳಿಂದ ಬಣ್ಣವು ಹೆಚ್ಚುಕಡಿಮೆಯಾಗುವುದೆಂದು ಹೇಳಿ ಇದನ್ನು ಮೌಢ್ಯವೆಂದು ತಳ್ಳಬಹುದು. ಆದರೆ ಕಾವ್ಯವನ್ನು ಓದಿದವರಿಗೆ ಇದು ಪರಿಚಿತವಾದ ಧ್ವನಿಯಾಗಿ ಕೇಳಿಸಬೇಕು. ರಾಗವೆಂದರೆ ಬಣ್ಣವೂ ಹೌದು, ಅನುರಾಗವೂ ಹೌದು. ಪಾದರಾಗವನ್ನು ವರ್ಣಿಸಿದ ಕವಿಗಳೆಲ್ಲ ಈ ಶ್ಲೇಷವನ್ನು ಬಳಸಿಕೊಂಡವರು. ವಿಶ್ವನಾಥನ ರಾಗತ್ರಯಕ್ಕೆ ಇದೇ ಆಧಾರ. ಸಂಸ್ಕೃತದ ಒಂದಕ್ಷರವನ್ನೂ ಕಲಿಯದ ಹೆಂಗಸರು ಬೇರೊಂದು ದ್ರವ್ಯದಲ್ಲಿ, ಬೇರೊಂದು ಅಂಗದಲ್ಲಿ, ಆ ಶ್ಲೇಷವನ್ನೇ ನಂಬಿಕೆಯ ರೂಪದಲ್ಲಿ ಉಳಿಸಿಕೊಂಡು ಬಂದಿರುವರು. ಅಲಕ್ತಕದಿಂದ ಮದರಂಗಿಗೆ ದಾಟಿಬಂದುದು ಯಾವುದಾದರೂ ಇದ್ದರೆ ಅದು ಈ ಅರ್ಥ, ಪದಾರ್ಥವಲ್ಲ.

ಆದುದರಿಂದ ಪಾಠಹೇಳುವವರಿಗೆ ಉಳಿಯುವ ಕರ್ತವ್ಯವು ಸ್ವಲ್ಪವೇ. ಅಲಕ್ತಕಕ್ಕೆ ಹಳಗನ್ನಡದಲ್ಲಿ ಅಲತಗೆಯೆಂಬ ತದ್ಭವವಿದೆ. ಲಾಕ್ಷಾರಸಕ್ಕೆ ಅರಗಿನ ರಸವೆಂದು ಹೇಳಿದರೆ, ಪಾಂಡವರ ಅರಗಿನ ಮನೆಯನ್ನು ಬಲ್ಲ ಯಾವ ಬಾಲಕನಿಗೂ ಅದು ಅಪರಿಚಿತವಾಗದು. ವಂಗದೇಶದಲ್ಲಿಯೂ ಉತ್ಕಲದಲ್ಲಿಯೂ ವಿವಾಹದಲ್ಲಿ ಕಾಲಿಗೆ ಹಚ್ಚುವ, ಭರತನಾಟ್ಯದವರು ಕೈಕಾಲುಗಳಿಗೆ ಹಚ್ಚುವ ಆಲತಾ ಎಂಬುದು ಈ ಅಲಕ್ತಕದ ಹೆಸರನ್ನೇ ಉಳಿಸಿಕೊಂಡಿದೆ. ಇಂದು ಅಂಗಡಿಯಲ್ಲಿ ದೊರೆಯುವುದು ಬಹುಮಟ್ಟಿಗೆ ಕೃತಕವರ್ಣವಾದರೂ, ಒದ್ದೆಯ ಹೆಜ್ಜೆಯು ನೆಲದ ಮೇಲೆ ಹೇಗೆ ಮೂಡುವುದೆಂಬುದನ್ನು ಅದರಿಂದಲೇ ತರಗತಿಯಲ್ಲಿ ತೋರಿಸಬಹುದು. ಒಮ್ಮೆ ಆ ಹೆಜ್ಜೆಯನ್ನು ಕಂಡ ವಿದ್ಯಾರ್ಥಿಗೆ ರಘುವಂಶದ ಆ ಶ್ಲೋಕಕ್ಕೆ ಬೇರೆ ಟಿಪ್ಪಣಿಯು ಬೇಕಾಗುವುದಿಲ್ಲ.